ಸಿಂಹ ಬಿದ್ದರೆ ಹೌದು

ನಮ್ಮವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ದೊಡ್ಡ ಗುಣವೆಂದು ಹೊಗಳುವವರು ಅಂಥ ಮನುಷ್ಯನ ಜೊತೆ ಒಂದಷ್ಟು ವರ್ಷ ಸಂಸಾರ ಮಾಡಿ, ಆಮೇಲೆ ಬಂದು ನನ್ನ ಹತ್ತಿರ ಮಾತಾಡಲಿ. ನನ್ನ ತಂಗಿ ಹೊಸ ಸೀರೆ ಉಟ್ಟು ಬಂದು ಹೇಗಿದೆ ಭಾವ ಎಂದು ಕೇಳಿದರೆ ಇವರು ಕನ್ನಡಕ ಸರಿಮಾಡಿಕೊಂಡು ನಿಜವಾಗಿಯೂ ಸೀರೆಯನ್ನು ನೋಡುತ್ತಾರೆ. ನೋಡಿ, ಹೋದ ಸಲದ್ದೇ ಚೆನ್ನಾಗಿತ್ತು ಎನ್ನುತ್ತಾರೆ. ಅವಳು ಮುಖ ಊದಿಸಿಕೊಂಡು ಒಳಗೆ ಹೋಗುತ್ತಾಳೆ. ಹಿಂದೆಯೇ ಹೋಗಿ ಸಮಾಧಾನ ಮಾಡುವ ಕೆಲಸ ನನ್ನದು.

ಇವರ ಹೆಸರು ಕೃಷ್ಣಮೂರ್ತಿ. ದೆಹಲಿಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದರು. ನಾನು ಪದ್ಮಾ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದೆ. ನನ್ನ ನೌಕರಿಯ ದೆಸೆಯಿಂದ ಸರೋಜಿನಿ ನಗರದಲ್ಲಿ ಸರ್ಕಾರಿ ಕ್ವಾರ್ಟರ್ಸ್ ಸಿಕ್ಕಿತ್ತು. ನನಗೂ ನಿವೃತ್ತಿಯಾದ ಮೇಲೆ ಪೀತಮ್‌ಪುರದ ಈ ಮೂರನೇ ಮಹಡಿಗೆ ಬಂದಿದ್ದೇವೆ. ಲಿಫ್ಟ್ ಇಲ್ಲ. ದೀಪಾವಳಿ ಕಳೆಯಿತೆಂದರೆ ಕಿಟಕಿ ತೆರೆಯುವ ಹಾಗಿಲ್ಲ, ಹೊಗೆ ಒಳಗೆ ಬಂದು ಕೂತುಬಿಡುತ್ತದೆ.

ಕಾಲೇಜಿನಲ್ಲಿ ಇವರ ಜೊತೆಯವರೆಲ್ಲ ಬಾಯಿ ತಿರುಗದ ಹೆಸರಿನ ಪ್ರಮೇಯಗಳ ಮೇಲೆ ಪ್ರಬಂಧ ಬರೆದು ಮೇಲಕ್ಕೆ ಹೋದರು. ಇವರು ಮಾತ್ರ ಎಂಟನೇ ಕ್ಲಾಸಿನ ಮಕ್ಕಳಿಗೂ ತಿಳಿಯುವಂಥ ಸಣ್ಣಪುಟ್ಟ ಫಲಿತಾಂಶಗಳ ಹಿಂದೆ ಬಿದ್ದರು. ಹತ್ತು ಲೋಟಕ್ಕೆ ಹನ್ನೊಂದು ಜನರಿದ್ದರೆ ಯಾರೋ ಇಬ್ಬರು ಒಂದೇ ಲೋಟದಲ್ಲಿ ಕುಡಿಯಲೇಬೇಕು ಎನ್ನುವುದು ಅವರಿಗೆ ಬಹಳ ಪ್ರೀತಿಯ ಸಂಗತಿ. ಮನೆಗೆ ನೆಂಟರು ಬಂದ ದಿನ ಯಾವ ಹೆಂಗಸಿಗಾದರೂ ತಾನಾಗಿ ಗೊತ್ತಾಗುವ ವಿಷಯ ಅದು ಎಂದು ನಾನು ಹಂಗಿಸುತ್ತಿದ್ದೆ. ಆದರೆ ಅವರು ಅದೇ ಲೋಟದ ಮಾತಿನಿಂದ ಹೊರಟು ಎಲ್ಲೆಲ್ಲಿಗೋ ಹೋಗಿ ಮುಟ್ಟುತ್ತಿದ್ದರು. ಭಾರವಾದ ಗಣಿತ ಇದ್ದಲ್ಲೇ ಇರುತ್ತದೆ ಪದ್ಮಾ, ಹಗುರವಾದದ್ದು ಎಲ್ಲರ ಮನೆಗೂ ಹೋಗಿಬರುತ್ತದೆ ಎನ್ನುತ್ತಿದ್ದರು.

ನಮ್ಮ ಮಗಳು ಇಂಚರಾ ಹೈಸ್ಕೂಲಿನಲ್ಲಿದ್ದಾಗ ಒಂದು ದಿನ, ನನ್ನ ಫ್ರೆಂಡ್ಸಿಗೆಲ್ಲ ನನಗಿಂತ ಜಾಸ್ತಿ ಫ್ರೆಂಡ್ಸ್ ಇದ್ದಾರೆ ಎಂದು ಅಳುತ್ತಾ ಕೂತಳು. ಬೇರೆ ಅಪ್ಪನಾದರೆ ತಲೆ ಸವರುತ್ತಿದ್ದ. ಇವರು ಚುಕ್ಕಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದು ವಿವರಿಸಿದರು. ತುಂಬಾ ಸ್ನೇಹಿತರಿರುವವರು ತುಂಬಾ ಜನರ ಲೆಕ್ಕದಲ್ಲಿ ಬರುತ್ತಾರೆ, ಹಾಗಾಗಿ ಸರಾಸರಿ ತೆಗೆದರೆ ಹೆಚ್ಚುಕಡಿಮೆ ಎಲ್ಲರಿಗೂ ತಮ್ಮ ಸ್ನೇಹಿತರಿಗೇ ಹೆಚ್ಚು ಸ್ನೇಹಿತರಿರುವಂತೆ ಕಾಣುತ್ತದೆ, ಇದು ಬರೀ ಕೂಡಿ ಭಾಗಿಸುವ ಲೆಕ್ಕ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ ಎಂದರು. ಜ್ವರ ಹರಡುವಾಗ ಯಾರಿಗೆ ಮೊದಲು ಲಸಿಕೆ ಹಾಕಬೇಕೆಂದು ಯೋಚಿಸುವವರಿಗೂ ಇದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ ಎಂದೂ ಸೇರಿಸಿದರು. ಆಶ್ಚರ್ಯವೆಂದರೆ ಹುಡುಗಿ ಅಳು ನಿಲ್ಲಿಸಿದಳು. ಮುಂದೆ ಅವಳು ಸಮಾಜಶಾಸ್ತ್ರ ಓದಿದ್ದಕ್ಕೆ ಆ ಸಂಜೆಯೇ ಕಾರಣ ಎಂದು ಇವರ ನಂಬಿಕೆ. ಗಣಿತದಲ್ಲಿ ಅವಳಿಗೆ ಬರುತ್ತಿದ್ದ ಮಾರ್ಕ್ಸ್ ಕಾರಣ ಎಂದು ನನ್ನ ನಂಬಿಕೆ.

ಇನ್ನು ಬಸವರಾಜ. ಅವನು ನಮಗೆ ರಕ್ತಸಂಬಂಧಿಯಲ್ಲ. ಗದಗದ ಕಡೆಯವನು. ಡಿಪ್ಲೊಮಾ ಮುಗಿಸಿ ಫರೀದಾಬಾದಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ಬಂದಾಗ ಇರಲು ಜಾಗವಿಲ್ಲದೆ ಸರೋಜಿನಿ ನಗರದ ನಮ್ಮ ಕ್ವಾರ್ಟರ್ಸಿನ ಹಿಂದಿನ ಕೋಣೆಯಲ್ಲಿದ್ದ. ಹಾಗೆ ಇಟ್ಟುಕೊಳ್ಳುವುದು ನಿಯಮಕ್ಕೆ ವಿರುದ್ಧ, ಇಡೀ ಕಾಲೊನಿ ಅದನ್ನೇ ಮಾಡುತ್ತಿತ್ತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಇಂಚರಾಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟುಬರುತ್ತಿದ್ದವನು ಅವನೇ. ಅವಳ ಬಾಯಲ್ಲಿ ಕನ್ನಡ ಉಳಿದಿದ್ದರೆ ಅದರಲ್ಲಿ ಬಸು ಮಾಮನ ಪಾಲು ನಮ್ಮಷ್ಟೇ ಇದೆ. ಆಮೇಲೆ ಶಾರದಾಳನ್ನು ಮದುವೆಯಾಗಿ ಫರೀದಾಬಾದಿನಲ್ಲೇ ಮನೆ ಮಾಡಿದ. ಕಾರಿನ ಬಿಡಿಭಾಗಗಳನ್ನು ತಗಡಿನಲ್ಲಿ ಒತ್ತಿ ತೆಗೆಯುವ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್ ಆದ. ಯುಗಾದಿಗೆ ತಪ್ಪದೆ ನಮ್ಮ ಮನೆಗೆ ಬರುತ್ತಿದ್ದ. ಬಂದವನು ಇವರ ಕಾಲುಮುಟ್ಟಿ ನಮಸ್ಕಾರ ಮಾಡಿಯೇ ಕೂರುವುದು.

ತಗಡು ಒತ್ತುವ ಆ ಮಷಿನ್ನಿನ ಬಗ್ಗೆ ಅವನೇ ಒಮ್ಮೆ ನನಗೆ ಹೇಳಿದ್ದ. ಅದರ ಬಾಯಿಗೆ ಬೆರಳು ಬಂದರೆ ತಾನೇ ನಿಲ್ಲುವಂತೆ ಒಂದು ಸೆನ್ಸರ್ ಇರುತ್ತದಂತೆ. ಆದರೆ ಮಷಿನ್ನು ಆಗಾಗ ನಿಂತರೆ ಮಾಲು ಕಡಿಮೆ ಬರುತ್ತದೆ. ಅದಕ್ಕೇ ಬಹಳ ಕಡೆ ಸೆನ್ಸರನ್ನು ಆಫ್ ಮಾಡಿ ಓಡಿಸುತ್ತಾರೆ. ಮೇಲಿನವರು ಹಾಗೆ ಮಾಡಿ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಮಾಲು ಯಾಕೆ ಕಡಿಮೆ ಎಂದು ಕೇಳುತ್ತಾರೆ ಅಷ್ಟೆ. ನಿನ್ನ ಶಿಫ್ಟಿನಲ್ಲೂ ಹಾಗೇನಾ ಎಂದು ಕೇಳಿದೆ.

"ಇಲ್ಲ ಅಕ್ಕಾ. ಬೆರಳು ಹೋದರೆ ಮನೆಯವರಿಗೆ ಹೋಗಿ ಹೇಳಬೇಕಾದವನು ನಾನು" ಎಂದ. ಅವನ ಶಿಫ್ಟಿನ ಮಾಲು ಯಾವಾಗಲೂ ಕಡಿಮೆ, ಮ್ಯಾನೇಜರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ.

ಇಂಚರಾ ಒಂದು ಸಂಶೋಧನಾ ಸಂಸ್ಥೆ ಸೇರಿದ ಮೇಲೆ ಇದೇ ವಿಷಯ ಹಿಡಿದಳು. ಸೆನ್ಸರ್ ಆಫ್ ಮಾಡಿ ಎಷ್ಟು ಜನ ಮಷಿನ್ ಓಡಿಸುತ್ತಾರೆ ಎಂಬುದು ತಿಳಿದರೆ ಏನಾದರೂ ಮಾಡಿಸಬಹುದು, ಆದರೆ ಯಾರೂ ಹೇಳುವುದಿಲ್ಲ. ಹೇಳಿದವನ ಕೆಲಸ ಹೋಗುತ್ತದೆ. ಒಂದು ಭಾನುವಾರ ತಲೆ ಮೇಲೆ ಕೈಹೊತ್ತು ಕೂತು, "ಕೋಯಿ ಸಚ್ ನಹೀ ಬೋಲ್ತಾ ಅಪ್ಪಾ, ಯಾರೂ ನಿಜ ಹೇಳಲ್ಲ, ಎಲ್ಲರೂ ನಹೀ ನಹೀ ಅಂತಾರೆ" ಎಂದಳು. ನಮ್ಮವರ ಮುಖ ಅರಳಿದ್ದು ಆಗಲೇ.

ಉಪಾಯ ಹಳೆಯದು, ನನ್ನದಲ್ಲ ಎಂದು ಹೇಳಿಕೊಂಡೇ ಅವರು ವಿವರಿಸಿದರು. ಪ್ರತಿಯೊಬ್ಬನೂ ಒಂದು ನಾಣ್ಯ ಚಿಮ್ಮಿ ಅಂಗೈಯಲ್ಲಿ ಮುಚ್ಚಿಕೊಂಡು ತಾನೊಬ್ಬನೇ ನೋಡಬೇಕು. ಸಿಂಹ ಬಿದ್ದರೆ, ತಾನು ಏನೇ ಮಾಡಿರಲಿ ಮಾಡದಿರಲಿ, ಹೌದು ಎನ್ನಬೇಕು. ಅಂಕಿ ಬಿದ್ದರೆ ನಿಜ ಹೇಳಬೇಕು. ಹೌದು ಎಂದವನನ್ನು ಯಾರೂ ಹಿಡಿಯುವ ಹಾಗಿಲ್ಲ, ಏಕೆಂದರೆ ಮಾತಾಡಿದ್ದು ಮನುಷ್ಯನೋ ನಾಣ್ಯವೋ ಯಾರಿಗೂ ಗೊತ್ತಿಲ್ಲ. ಆದರೆ ನೂರು ಜನರನ್ನು ಕೇಳಿದರೆ ಸುಮಾರು ಐವತ್ತು ಹೌದು ಬರೀ ಸಿಂಹದ್ದು. ಅದನ್ನು ಕಳೆದು ಉಳಿದಿದ್ದನ್ನು ಎರಡರಿಂದ ಗುಣಿಸಿದರೆ ಇಡೀ ಕಾರ್ಖಾನೆಯ ನಿಜ ಕೈಗೆ ಬರುತ್ತದೆ. ಒಬ್ಬೊಬ್ಬನ ನಿಜವೂ ಅವನವನ ಮುಷ್ಟಿಯಲ್ಲೇ ಉಳಿಯುತ್ತದೆ. ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದ ನನಗೂ ಸಲೀಸಾಗಿ ತಿಳಿಯಿತು. ನಿಜ ಹೇಳುತ್ತೇನೆ, ಆ ಹೊತ್ತು ನನ್ನ ಗಂಡನ ಬಗ್ಗೆ ನನಗೆ ಹೆಮ್ಮೆಯಾಯಿತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮೂಲೆಯಲ್ಲಿ ಒಂದು ಪರದೆ ಕಟ್ಟಿ, ಒಬ್ಬೊಬ್ಬರಾಗಿ ಒಳಗೆ ಹೋಗಿ ಚೀಟಿ ಹಾಕಲಿ ಎನ್ನುವುದು ಇಂಚರಾಳ ಯೋಚನೆ. ಇವರು ಬೇಡವೇ ಬೇಡ ಎಂದರು. ಪರದೆ ಕಟ್ಟಿದರೆ ಏನೋ ಮುಚ್ಚಿಡುತ್ತಿದ್ದೇವೆ ಎಂದು ಜನ ಹೆದರುತ್ತಾರೆ, ಎಲ್ಲರೆದುರು ಗಟ್ಟಿಯಾಗಿ ಹೇಳಲಿ, ಪರದೆಯ ಕೆಲಸ ನಾಣ್ಯವೇ ಮಾಡುತ್ತದೆ ಎಂದರು. ಮ್ಯಾನೇಜರ್ ಅಲ್ಲೇ ಇದ್ದರೆ ಎಂದು ನಾನು ಕೇಳಿದೆ. ಇರಲಿ, ಅವನು ಕೇಳಿಸಿಕೊಂಡರೂ ಅವನಿಗೆ ಏನೂ ಸಿಗುವುದಿಲ್ಲ ಎಂದರು. ಗಣಿತ ಕಲಿತವರು ಮಾತ್ರ ಮಾಡಬಹುದಾದ ತಪ್ಪು ಅದು. ತಮಗೆ ಸಾಧಿಸಿ ತೋರಿಸಿದ್ದು ಊರಿಗೆಲ್ಲ ಸಾಧಿಸಿದಂತೆ ಎಂದುಕೊಳ್ಳುತ್ತಾರೆ.

ಅವರಿಬ್ಬರನ್ನು ಕಾರ್ಖಾನೆಯೊಳಗೆ ಬಿಡಿಸಿದವನು ಬಸವರಾಜ. ಹೊರದೇಶದ ಗಿರಾಕಿಗಳು ಸುರಕ್ಷತೆಯ ಬಗ್ಗೆ ಕೇಳುತ್ತಿದ್ದ ಕಾಲವಾದ್ದರಿಂದ ಮ್ಯಾನೇಜರೂ ಒಪ್ಪಿದ್ದ. ಊಟದ ಹೊತ್ತಿನಲ್ಲಿ ಕ್ಯಾಂಟೀನಿನಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಅಪ್ಪ ಮಗಳಿಬ್ಬರೂ ಹೇಳಿದ್ದು. ಇವರು ತಮ್ಮ ಮೈಸೂರು ಹಿಂದಿಯಲ್ಲಿ, ಸೆನ್ಸರ್ ಆಫ್ ಮಾಡಿ ಮಷಿನ್ ಓಡಿಸಿದ್ದೀರಾ ಎಂಬ ಪ್ರಶ್ನೆಯನ್ನೂ ನಾಣ್ಯದ ನಿಯಮವನ್ನೂ ತಿಳಿಸಿದರು. ಜನ ನಕ್ಕರು, ತಲೆಯಾಡಿಸಿದರು, ಸಾಲಾಗಿ ನಿಂತರು. ಮ್ಯಾನೇಜರ್ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ. ಮೊದಲನೆಯವನು ನಾಣ್ಯ ಚಿಮ್ಮಿ ನೋಡಿ ನಹೀ ಎಂದ. ಎರಡನೆಯವನೂ ನಹೀ. ಮೂರನೆಯವನೂ ಅದೇ. ಹೀಗೇ ಸಾಲು ಸರಿಯುತ್ತಾ ಹೋಯಿತು, ಒಬ್ಬನಾದರೂ ಹೌದೆಂದು ಹಾಂ ಎನ್ನಲಿಲ್ಲ. ಅವರಲ್ಲಿ ಅರ್ಧದಷ್ಟು ಜನಕ್ಕೆ ಸಿಂಹ ಬಿದ್ದಿರಲೇಬೇಕು. ನಾಣ್ಯ ಹೇಳಿಸಿದರೂ ಆ ಮಾತು ಅವರ ಬಾಯಿಂದ ಹೊರಡುತ್ತಿರಲಿಲ್ಲ, ಕಣ್ಣೆಲ್ಲ ಬಾಗಿಲ ಕಡೆಗೇ ಇತ್ತು.

ಆಮೇಲೆ ಬಸವರಾಜನ ಸರದಿ ಬಂತು. ಅವನು ನಾಣ್ಯ ಚಿಮ್ಮಿದ, ಮುಷ್ಟಿ ಬಿಡಿಸಿ ನೋಡಿದ, ಎಲ್ಲರಿಗೂ ಕೇಳುವ ಹಾಗೆ ಹಾಂ ಎಂದ.

ಅಲ್ಲಿಂದ ಮುಂದೆ ಕಟ್ಟೆ ಒಡೆದ ಹಾಗಾಯಿತಂತೆ. ಸೂಪರ್‌ವೈಸರೇ ಹೇಳಿದ ಮೇಲೆ ನಮಗೇನು ಎಂದು ಹಾಂ ಎನ್ನುವವರು ಹೊರಟರು, ಮೊದಲು ಹೇಳಿ ಹೋಗಿದ್ದವರೂ ಮತ್ತೆ ಸಾಲಿಗೆ ಬಂದು ಹೊಸದಾಗಿ ನಾಣ್ಯ ಚಿಮ್ಮಿದರು. ಆ ಸಂಜೆ ಇಂಚರಾ ಲೆಕ್ಕ ಹಾಕಿದಳು. ನೂರಕ್ಕೆ ಅರವತ್ತು ಜನ ಸೆನ್ಸರ್ ಇಲ್ಲದೆ ಮಷಿನ್ ಓಡಿಸಿದವರು. ಸರಿಯಾದ ಹೊತ್ತಿಗೆ ಬಸವರಾಜನಿಗೆ ಸಿಂಹ ಬಿತ್ತು ನೋಡು, ನಮ್ಮ ಅದೃಷ್ಟ ಎಂದು ಇವರು ಖುಷಿಪಟ್ಟರು. ಮುಂದಿನ ಸಲ ಬಂದಾಗ ಬಸವರಾಜನಿಗೂ ಅದನ್ನೇ ಹೇಳಿದರು. ಅವನು ನಕ್ಕ.

ಇಂಚರಾಳ ವರದಿಗೆ ಒಳ್ಳೆಯ ಹೆಸರು ಬಂತು. ಕಾರ್ಖಾನೆಯ ಹೆಸರು ಅದರಲ್ಲಿರಲಿಲ್ಲ. ಅದನ್ನು ಓದಿ ಬೇರೆ ಒಂದೆರಡು ಕಾರ್ಖಾನೆಯವರು ಯಾರೂ ಆಫ್ ಮಾಡದಂತೆ ಸೆನ್ಸರಿಗೆ ಬೀಗ ಹಾಕಿಸಿದರಂತೆ. ತಾವು ಹೇಳಿಕೊಟ್ಟ ಒಂದು ನಾಣ್ಯದಿಂದ ನಾಲ್ಕು ಜನರ ಬೆರಳು ಉಳಿಯಿತು ಎಂಬ ಸಂತೋಷದಲ್ಲಿ ನಮ್ಮವರು ಆ ವರ್ಷದ ಮಳೆಗಾಲ ಕಳೆದರು.

ಬಸವರಾಜನ ಕಾರ್ಖಾನೆಯಲ್ಲಿ ಬೀಗ ಹಾಕಿಸಿರಲಿಲ್ಲ. ಚಳಿ ಶುರುವಾಗಿದ್ದ ಒಂದು ಬೆಳಿಗ್ಗೆ ಕಿಶನ್ ಎಂಬ ಕೆಲಸಗಾರನ ಬಲಗೈ ಬೆರಳುಗಳು ಹೋದವು. ಹಿಂದಿನ ಶಿಫ್ಟಿನವರು ಸೆನ್ಸರ್ ಆಫ್ ಮಾಡಿದ್ದನ್ನು ಹಾಗೇ ಬಿಟ್ಟು ಹೋಗಿದ್ದರು. ಬಸವರಾಜ ಆಗಷ್ಟೇ ಬಂದು ಮಷಿನ್‌ಗಳನ್ನು ಒಂದೊಂದಾಗಿ ನೋಡುತ್ತಾ ಬರುತ್ತಿದ್ದ. ಅವನು ಕಿಶನ್ನನ ಮಷಿನ್ ಮುಟ್ಟುವಷ್ಟರಲ್ಲಿ ಆಗಿಹೋಗಿತ್ತು. ಕಿಶನ್ನನ ಮನೆಗೆ ಹೋಗಿ ಹೇಳಿದವನೂ ಅವನೇ.

ಪೊಲೀಸರು ಬಂದರು. ಕಂಪನಿಗೆ ತಪ್ಪನ್ನು ಹೊರಿಸಲು ಒಂದು ತಲೆ ಬೇಕಿತ್ತು. ಸೆನ್ಸರನ್ನು ಬಸವರಾಜನೇ ಆಫ್ ಮಾಡಿಸಿದ, ಇದು ಅವನ ಹಳೆಯ ಅಭ್ಯಾಸ ಎಂದು ಆರೋಪ ಹೊರಿಸಿ ಒಳಗಿನ ವಿಚಾರಣೆ ಇಟ್ಟರು. ಸಾಕ್ಷಿ ಏನು? ಕ್ಯಾಂಟೀನಿನಲ್ಲಿ ಎಲ್ಲರೆದುರು, ತನ್ನ ಬಾಯಿಂದಲೇ ಹಾಂ ಎಂದಿದ್ದಾನೆ. ಹಿಂದಿನ ಶಿಫ್ಟಿನ ಸೂಪರ್‌ವೈಸರ್ ಅದೇ ಕ್ಯಾಂಟೀನಿನಲ್ಲಿ ನಹೀ ಎಂದಿದ್ದ.

ಸುದ್ದಿ ತಿಳಿಸಿದ ದಿನ ಬಸವರಾಜ ಫೋನಿನಲ್ಲಿ ಇವರನ್ನು ಒಂದೇ ಒಂದು ಉಪಕಾರ ಕೇಳಿದ. "ಸರ್, ನೀವು ಬಂದು ನಾಣ್ಯದ ವಿಷಯ ಹೇಳಿ. ಅಷ್ಟು ಸಾಕು ನನಗೆ" ಎಂದ. ಅಷ್ಟರ ಮೇಲೆ ಅವನ ಬದುಕು ನಿಂತಿತ್ತು. ಆರೋಪ ಸಾಬೀತಾದರೆ ಕೆಲಸ ಹೋಗುವುದಲ್ಲದೆ ಪೊಲೀಸ್ ಕೇಸೂ ಅವನ ಮೇಲೇ ತಿರುಗುತ್ತದೆ. ಬೆರಳು ಕತ್ತರಿಸಿದವನು ಎಂಬ ಹೆಸರು ಹೊತ್ತವನಿಗೆ ಫರೀದಾಬಾದಿನಲ್ಲಿ ಇನ್ನೊಂದು ಗೇಟು ತೆರೆಯುವುದಿಲ್ಲ.

ಇವರಿಗೆ ಒಂದು ಕಿವಿ ಮಂದವಾದ್ದರಿಂದ ಜೊತೆಗೆ ನಾನೂ ಹೊರಟೆ. ಕಾಶ್ಮೀರಿ ಗೇಟಿನಲ್ಲಿ ಮೆಟ್ರೊ ಬದಲಾಯಿಸಿ ಕೂತ ಮೇಲೆ ದಾರಿಯುದ್ದಕ್ಕೂ ಇವರಿಗೆ ಪಾಠ ಹೇಳಿದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಹೌದು ಎಂದಿದ್ದರಿಂದ ಏನೂ ಗೊತ್ತಾಗುವುದಿಲ್ಲ ಎಂದು ಒಂದು ಮಾತು ಹೇಳಿ ಎದ್ದುಬನ್ನಿ ಎಂದೆ. ಇವರು ಬಹಳ ಹೊತ್ತು ಕಿಟಕಿಯಾಚೆ ನೋಡಿದರು. ಓಖ್ಲಾ ದಾಟಿದ ಮೇಲೆ, "ಅದು ಪೂರ್ತಿ ನಿಜವಲ್ಲ ಪದ್ಮಾ" ಎಂದರು.

ಪೂರ್ತಿ ನಿಜ ಯಾರಿಗೆ ಬೇಕು, ಅರ್ಧ ಸಾಕು ಎಂದೆ. ನೋಡೋಣ ಎಂದರು. ಅವರ ನೋಡೋಣ ಎನ್ನುವ ಮಾತಿಗೆ ಏನರ್ಥ ಎಂದು ನನಗೆ ಗೊತ್ತಿತ್ತು, ಆದರೂ ಆಸೆ ಬಿಡಲಿಲ್ಲ.

ವಿಚಾರಣೆ ನಡೆಸುತ್ತಿದ್ದವರು ಕಂಪನಿ ನೇಮಿಸಿದ ವಕೀಲರು. ದಬಾಯಿಸುವ ಮನುಷ್ಯನಲ್ಲ, ಬಹಳ ಮರ್ಯಾದಸ್ಥರು. ಪ್ರೊಫೆಸರ್ ಸಾಹೇಬರಿಗೆ ಚಹಾ ತರಿಸಿದರು, ನನಗೆ ಕುರ್ಚಿ ಹಾಕಿಸಿದರು. ಮೇಜಿನ ಆ ಕಡೆ ಬಸವರಾಜ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ. ನನ್ನನ್ನು ನೋಡಿ ತಲೆಬಾಗಿಸಿದ. ಇವರು ನಿಯಮವನ್ನು ವಿವರಿಸಿದರು. ಹಾಂ ಎಂದ ಮಾತ್ರಕ್ಕೆ ಅದು ಸಾಕ್ಷಿಯಾಗುವುದಿಲ್ಲ ಎಂದು ಖಚಿತವಾಗಿ ಹೇಳಿದರು. ನನಗೆ ಉಸಿರು ಬಂತು.

ವಕೀಲರು ತಾವು ಬಿ.ಎಸ್‌ಸಿ. ಓದಿದವರೆಂದೂ, ತಮ್ಮದು ಸಣ್ಣ ಸಂದೇಹವೆಂದೂ ಹೇಳಿ ಕೇಳತೊಡಗಿದರು. ನಹೀ ಎಂದವನ ಮಾತೇನು? ಇವರು ಹೇಳಿದರು, ನಿಯಮ ಪಾಲಿಸಿದ್ದರೆ ಅವನು ಪೂರ್ತಿ ನಿರ್ದೋಷಿ, ಏಕೆಂದರೆ ಅಂಕಿ ಬಿದ್ದು ತಪ್ಪೂ ಮಾಡಿರದಿದ್ದರೆ ಮಾತ್ರ ಹಾಗೆ ಹೇಳಲು ಸಾಧ್ಯ. ವಕೀಲರು ಅದನ್ನು ಬರೆದುಕೊಂಡರು. ಹಿಂದಿನ ಶಿಫ್ಟಿನ ಸೂಪರ್‌ವೈಸರ್ ಅಷ್ಟರಲ್ಲೇ ಪಾರಾದ. ಆಮೇಲೆ ಇನ್ನೊಂದು ಪ್ರಶ್ನೆ ಬಂತು. ಹಾಂ ಎನ್ನುವ ಮುಂಚೆ ಒಬ್ಬನ ಮೇಲೆ ಎಷ್ಟು ಅನುಮಾನವಿತ್ತೋ, ಎಂದ ಮೇಲೂ ಅಷ್ಟೇ ಇರುತ್ತದೆಯೋ, ಹೆಚ್ಚಾಗುತ್ತದೆಯೋ?

ನಾನು ಮೇಜಿನ ಕೆಳಗೆ ಇವರ ಕಾಲು ತುಳಿದೆ. ಬಸವರಾಜ ಇವರನ್ನೇ ನೋಡುತ್ತಿದ್ದ.

"ಹೆಚ್ಚಾಗುತ್ತದೆ" ಎಂದರು.

ಎಷ್ಟು ಎಂದು ವಕೀಲರು ಮೆಲ್ಲಗೆ ಕೇಳಿದರು. ಆಗ ನನ್ನ ಕಣ್ಣೆದುರೇ ಇವರು ಪಾಠ ಮಾಡಲು ಶುರುಮಾಡಿದರು. ನೂರು ಜನ ಅಂತ ಇಟ್ಟುಕೊಳ್ಳಿ. ವರದಿಯ ಪ್ರಕಾರ ಅರವತ್ತು ಜನ ತಪ್ಪು ಮಾಡಿದವರು. ಅವರಿಗೆ ಸಿಂಹ ಬಿದ್ದರೂ ಹಾಂ, ಅಂಕಿ ಬಿದ್ದರೂ ಹಾಂ. ಉಳಿದ ನಲವತ್ತರಲ್ಲಿ ಅರ್ಧ ಜನ, ಅಂದರೆ ಇಪ್ಪತ್ತು, ಬರೀ ಸಿಂಹದ ದೆಸೆಯಿಂದ ಹಾಂ ಎನ್ನುತ್ತಾರೆ. ಒಟ್ಟು ಎಂಬತ್ತು ಹಾಂ, ಅದರಲ್ಲಿ ಅರವತ್ತು ನಿಜವಾದದ್ದು. ಕೈ ಗಾಳಿಯಲ್ಲಿ ಬೋರ್ಡಿನ ಮೇಲೆ ಬರೆಯುವ ಹಾಗೆ ಆಡುತ್ತಿತ್ತು. ಲೆಕ್ಕ ಮುಗಿದ ಮೇಲೆ ಅವರಿಗೆ ತಾವು ಎಲ್ಲಿ ಕೂತಿದ್ದೇವೆಂದು ನೆನಪಾಗಿರಬೇಕು. ಕೈ ಕೆಳಗಿಳಿಯಿತು.

"ಅಂದರೆ ನಾಲ್ವರಲ್ಲಿ ಮೂವರು" ಎಂದರು ವಕೀಲರು.

"ಹೌದು. ಆದರೆ ಇವನು ಆ ನಾಲ್ಕನೆಯವನಾಗಿರಬಹುದು."

"ಇರಬಹುದು" ಎಂದು ವಕೀಲರು ಒಪ್ಪಿಕೊಂಡರು. ಅದನ್ನೂ ಬರೆದುಕೊಂಡರು. ಬಸವರಾಜನನ್ನು ನಿನ್ನದೇನಾದರೂ ಹೇಳುವುದಿದೆಯಾ ಎಂದು ಕೇಳಿದರು. ಅವನು ಇವರ ಕಡೆ ಒಮ್ಮೆ ನೋಡಿ, ಇಲ್ಲ ಎಂದು ತಲೆಯಾಡಿಸಿದ.

ಬಸವರಾಜನ ಕೆಲಸ ಹೋಯಿತು, ಪೊಲೀಸರ ಕೇಸಿಗೂ ಅವನ ಹೆಸರೇ ಸೇರಿತು. ಗಣಿತದ ಪ್ರೊಫೆಸರೇ ಬಂದು ಹೇಳಿ ಹೋಗಿದ್ದಾರೆ ಎಂದು ಕಂಪನಿಯವರು ಎಲ್ಲ ಕಡೆ ಹೇಳಿಕೊಂಡರಂತೆ. ಇಂಚರಾ ಅಪ್ಪನ ಜೊತೆ ಮಾತು ಬಿಟ್ಟಳು. ಫರೀದಾಬಾದಿಗೆ ಹೋಗಿ ಶಾರದಾಳ ಎದುರು ಕೂತು ಅತ್ತುಬಂದಳು. ಶಾರದಾ ಬೈಯಲಿಲ್ಲವಂತೆ, ಊಟ ಮಾಡಿಸಿ ಕಳಿಸಿದಳಂತೆ. ಬೈದಿದ್ದರೆ ಚೆನ್ನಾಗಿತ್ತು ಅಮ್ಮಾ ಎಂದಳು ಇಂಚರಾ. ಒಂದು ಅರ್ಧ ಸುಳ್ಳು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ನಾನು ಇವರನ್ನು ಕೇಳಿದೆ, ಒಂದು ಸಲವಲ್ಲ, ಬೆಳಿಗ್ಗೆ ಸಂಜೆ ಕೇಳಿದೆ. ಅವರು ತಟ್ಟೆ ನೋಡುತ್ತಾ ಊಟ ಮಾಡುತ್ತಿದ್ದರು.

ಸಂಕ್ರಾಂತಿಯ ಹಿಂದಿನ ಸಂಜೆ ಬಸವರಾಜ ಬಂದ. ಹೊರಗೆ ದಟ್ಟ ಮಂಜು. ಮೂರು ಮಹಡಿ ಹತ್ತಿದ್ದಕ್ಕೆ ಏದುಸಿರು ಬಿಡುತ್ತಾ, ಎಂದಿನ ಹಾಗೆ ಇವರ ಕಾಲುಮುಟ್ಟಿ ಕೂತ. ಸೊರಗಿದ್ದ. ಇಂಚರಾ ಇಲ್ಲವಾ ಎಂದು ಕೇಳಿದ. ಆಫೀಸಿನಿಂದ ಬಂದಿಲ್ಲ ಎಂದೆ. ಒಳ್ಳೆಯದಾಯಿತು ಎಂದ. ನಾನು ಕಾಫಿ ತಂದುಕೊಟ್ಟೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನು ನೋಡಿ ನನಗೆ ಇನ್ನಷ್ಟು ಸಂಕಟವಾಯಿತು.

ಅವನೇ ಮಾತು ತೆಗೆದ. "ಸರ್, ಅವತ್ತು ನೀವು ನೂರು ಜನರ ಲೆಕ್ಕ ಹೇಳಿದಿರಲ್ಲ. ಒಬ್ಬನಿಗೆ ಅಂಕಿ ಬಿತ್ತು ಅಂತ ಇಟ್ಟುಕೊಳ್ಳಿ. ತಪ್ಪೂ ಮಾಡಿಲ್ಲ. ಆದರೂ ಹಾಂ ಅಂದ. ಅವನು ಆ ನೂರರಲ್ಲಿ ಎಲ್ಲಿ ಬರ್ತಾನೆ?"

"ಎಲ್ಲೂ ಬರಲ್ಲ. ಹಾಗೆ ಯಾರೂ ಹೇಳಲ್ಲ ಬಸವರಾಜ. ಯಾಕೆ ಹೇಳ್ತಾರೆ?"

"ನಾನು ಹೇಳಿದೆ ಸರ್."

ಇವರು ಕಾಫಿ ಲೋಟ ಕೆಳಗಿಟ್ಟರು.

ಅವನು ನಿಧಾನವಾಗಿ, ಬೇರೆ ಯಾರದೋ ಕತೆ ಹೇಳುವ ಹಾಗೆ ಹೇಳಿದ. ಆ ದಿನ ಸಾಲಿನಲ್ಲಿ ಒಬ್ಬೊಬ್ಬನೂ ನಹೀ ಎನ್ನುತ್ತಿದ್ದಾಗ ಅವನು ಇಂಚರಾಳನ್ನು ನೋಡುತ್ತಿದ್ದ. ಅವಳ ಮುಖ ಬಿಳಿಚಿಕೊಂಡಿತ್ತು. ಪಕ್ಕದಲ್ಲಿ ಸರ್ ನಿಂತಿದ್ದರು, ಇಷ್ಟು ವರ್ಷದಲ್ಲಿ ಮೊದಲ ಸಲ ತಮ್ಮದೊಂದು ಮಾತು ಲೋಕದ ಕೆಲಸಕ್ಕೆ ಬಂತು ಎಂದು ಬಂದವರು, ಅವರ ಮುಖ ಸಣ್ಣದಾಗಿತ್ತು. ಜನರಿಗೆ ನಾಣ್ಯದ ಮೇಲೆ ನಂಬಿಕೆ ಬಂದಿರಲಿಲ್ಲ. ಯಾರಾದರೂ ಮೊದಲು ಹಾಂ ಎನ್ನಬೇಕಿತ್ತು. ಅವನು ಮುಷ್ಟಿ ಬಿಡಿಸಿ ನೋಡಿದಾಗ ಅಂಕಿ ಇತ್ತು. ಅವನು ಹಾಂ ಎಂದ.

ವಿಚಾರಣೆಯಲ್ಲಿ ಇದನ್ನು ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ನನ್ನ ದನಿ ಏರಿತ್ತು.

"ಹೇಳಿದ್ದರೆ ನಿಯಮ ಮುರಿದೆ ಅಂತ ಆಗ್ತಿತ್ತು ಅಕ್ಕಾ. ಇಂಚರಾಳ ವರದಿಯೇ ಸುಳ್ಳು ಅಂತಿದ್ದರು. ಅದನ್ನು ನಂಬಿ ಬೀಗ ಹಾಕಿಸಿದವರು ತೆಗೆಸ್ತಿದ್ದರು" ಎಂದ. ಅವಳಿಗೆ ಹೇಳಬೇಡಿ ಎಂದೂ ಕೇಳಿಕೊಂಡ.

ಇವರು ಎದ್ದು ನಿಂತಿದ್ದರು. ನಾಳೆಯೇ ಹೋಗಿ ವಕೀಲರಿಗೆ ಹೇಳುತ್ತೇನೆ, ಬರೆದುಕೊಡುತ್ತೇನೆ ಎಂದು ತೊದಲಿದರು. ಬಸವರಾಜ ಬೇಡವೆಂದು ಕೈಯಾಡಿಸಿದ. ಏನೆಂದು ಬರೆದುಕೊಡುತ್ತೀರಿ ಸರ್, ಆ ನಾಣ್ಯವನ್ನು ನೋಡಿದವನು ನಾನೊಬ್ಬನೇ, ಬೇರೆ ಯಾರೂ ನೋಡಬಾರದು ಎಂಬುದೇ ಅಲ್ಲವೇ ನಿಮ್ಮ ನಿಯಮ ಎಂದ. ಅದರಲ್ಲಿ ಕೊಂಕು ಇರಲಿಲ್ಲ. ಆಮೇಲೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯೆತ್ತಿ ಇವರ ಮುಖ ನೋಡಿದ.

"ಕೋರ್ಟು ಕಂಪನಿ ಎಲ್ಲ ಬಿಡಿ. ನೀವು ನಂಬ್ತೀರಾ ಸರ್?"

ಇಷ್ಟು ಕೇಳಲು ಅವನು ಫರೀದಾಬಾದಿನಿಂದ ಬಂದಿದ್ದ. ಇವರ ಕಣ್ಣು ಒಂದು ಕ್ಷಣ ಎಲ್ಲೋ ಹೋಯಿತು. ಆ ಮುಖವನ್ನು ನಾನು ಜೀವಮಾನವಿಡೀ ನೋಡಿದ್ದೇನೆ. ತರಕಾರಿಯವನು ಚಿಲ್ಲರೆ ಕೊಟ್ಟಾಗ, ಮಗಳು ಅತ್ತಾಗ, ನನ್ನ ತಂಗಿಯ ಸೀರೆ ನೋಡುವಾಗ ಅದೇ ಮುಖ. ಲೆಕ್ಕ ಹಾಕುತ್ತಿದ್ದರು. ತಪ್ಪು ಮಾಡಿದವನೂ ಇದೇ ಕತೆ ಹೇಳಬಹುದಲ್ಲ ಎಂದು ತೂಗಿ ನೋಡುತ್ತಿದ್ದರು. ನನಗೆ ಅವರನ್ನು ಹಿಡಿದು ಅಲ್ಲಾಡಿಸಬೇಕೆನ್ನಿಸಿತು.

"ನಾನು ನಂಬ್ತೀನಿ ಬಸವರಾಜ" ಎಂದೆ.

"ನೀವು ನಂಬ್ತೀರಿ ಅಕ್ಕಾ, ಗೊತ್ತು" ಎಂದ. ಅವನು ಕೇಳಿದ್ದು ನನ್ನನ್ನಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಕಾಫಿ ಮುಗಿಸಿ, ಮಂಜು ಜಾಸ್ತಿಯಾದರೆ ತಲುಪುವುದು ಕಷ್ಟ ಎಂದು ಎದ್ದ. ಊಟ ಮಾಡಿ ಹೋಗು ಎಂದೆ. ಇನ್ನೊಂದು ದಿನ ಎಂದ. ಬಗ್ಗಿ ಇವರ ಕಾಲು ಮುಟ್ಟಿ, ಚಪ್ಪಲಿ ಹಾಕಿಕೊಂಡು ಇಳಿದು ಹೋದ.

ಮೆಟ್ಟಿಲ ಮೇಲಿನ ಸದ್ದು ನಿಂತ ಮೇಲೆ ಇವರು, "ನಂಬ್ತೀನಿ" ಎಂದರು.

ನನಗೆ ಯಾಕೆ ಹೇಳುತ್ತೀರಿ, ಕೆಳಗೆ ಹೋಗಿ ಅವನಿಗೆ ಹೇಳಿ ಎಂದೆ. ಅವರು ಸ್ವೆಟರನ್ನೂ ಹಾಕಿಕೊಳ್ಳದೆ, ಮಂಡಿ ನೋವಿನ ಕಾಲೆಳೆದುಕೊಂಡು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ನಾನು ಬಾಲ್ಕನಿಗೆ ಹೋಗಿ ನೋಡಿದೆ. ಗೇಟಿನ ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮಂಜಿನಲ್ಲಿ ಅವರ ದನಿ ಬಸವರಾಜ, ಬಸವರಾಜ ಎಂದು ಕರೆಯುವುದು ಕೇಳಿಸಿತು. ಯಾರೂ ಓಗೊಡಲಿಲ್ಲ.

ಬಹಳ ಹೊತ್ತಾದ ಮೇಲೆ ಒಬ್ಬರೇ ಹತ್ತಿ ಬಂದರು. ಹೋಗಿಬಿಟ್ಟಿದ್ದಾನೆ ಎಂದರು. ನಾನು ಮೂರು ಲೋಟಗಳನ್ನೂ ಎತ್ತಿಕೊಂಡು ಒಳಗೆ ಹೋದೆ.